ಬೆಂಗಳೂರಿನಲ್ಲಿ ಬೇಸ್, ತೀರ್ಥಹಳ್ಳಿಯಲ್ಲಿ ಮನೆ: ಓಡಾಡುವುದೋ, ಸಂಸಾರ ಎತ್ತಿಕೊಂಡು ಹೋಗುವುದೋ?

ಮಂಡಗದ್ದೆ ಹಕ್ಕಿ · ಶನಿವಾರ ರಾತ್ರಿ 8:50

ನಮಸ್ಕಾರ. ನಾನು ಏರ್‌ಬಸ್ ಎ320 ಹಾರಿಸುವ ಫಸ್ಟ್ ಆಫೀಸರ್, ಅಂದರೆ ಸಹಪೈಲಟ್. ಬೇಸ್, ಅಂದರೆ ಡ್ಯೂಟಿ ಶುರುವಾಗುವ ಊರು, ಬೆಂಗಳೂರು. ಮನೆ ತೀರ್ಥಹಳ್ಳಿಯಿಂದ ಹದಿನಾಲ್ಕು ಕಿಲೋಮೀಟರ್ ಒಳಗೆ. ಹೆಂಡತಿ ಅನುದಾನಿತ ಶಾಲೆಯೊಂದರಲ್ಲಿ ಶಿಕ್ಷಕಿ, ಬೆಂಗಳೂರಿಗೆ ವರ್ಗಾವಣೆಯ ಮಾತೇ ಇಲ್ಲ. ಮಗಳಿಗೆ ಬರುವ ಜೂನ್‌ಗೆ ಒಂದನೇ ತರಗತಿ. ಅಪ್ಪನಿಗೆ ಎಪ್ಪತ್ತೊಂದು ವರ್ಷ, ಮೂರು ಎಕರೆ ಅಡಿಕೆ ತೋಟವನ್ನು ಈಗಲೂ ಅವರೇ ನೋಡಿಕೊಳ್ಳುತ್ತಾರೆ. ನಾನು ಯಲಹಂಕದಲ್ಲಿ ಇನ್ನಿಬ್ಬರು ಪೈಲಟ್‌ಗಳ ಜೊತೆ ಬಾಡಿಗೆ ಮನೆಯಲ್ಲಿದ್ದೇನೆ. ಬಿಡುವು ಸಿಕ್ಕಿತೆಂದರೆ ಊರಿಗೆ ಹೊರಟೆ. ಮೂರು ವರ್ಷದಿಂದ ಹೀಗೆಯೇ ನಡೆದಿದೆ.

ಲೆಕ್ಕ ನೋಡಿ. ಗುರುವಾರ ರಾತ್ರಿ ಹನ್ನೊಂದಕ್ಕೆ ಡ್ಯೂಟಿ ಮುಗಿಯಿತು ಎನ್ನೋಣ. ಮುಂದೆ ಹಾಜರಾಗಬೇಕಾದದ್ದು ಭಾನುವಾರ ಬೆಳಗಿನ ಜಾವ ಐದಕ್ಕೆ. ಕಾಗದದ ಮೇಲೆ 54 ಗಂಟೆ ಬಿಡುವು. ಶುಕ್ರವಾರ ಬೆಳಗ್ಗೆ ಎಂಟಕ್ಕೆ ಹೊರಟರೆ ನಮ್ಮ ಅಂಗಳ ತಲುಪುವಾಗ ಸಂಜೆ ನಾಲ್ಕು. ಭಾನುವಾರ ಮೂರೂವರೆಗೆ ಕ್ಯಾಬ್ ಬರುತ್ತದೆ, ಎರಡೂಮುಕ್ಕಾಲಿಗೆ ಏಳಬೇಕು. ಹಾಗಾಗಿ ಶನಿವಾರ ಸಂಜೆ ಏಳಕ್ಕಾದರೂ ಯಲಹಂಕದಲ್ಲಿ ಮಲಗಿರಬೇಕು, ಅಂದರೆ ಬೆಳಗ್ಗೆ ಹತ್ತಕ್ಕೇ ಮನೆ ಬಿಡಬೇಕು. 54 ಗಂಟೆಯಲ್ಲಿ ಮನೆಯಲ್ಲಿದ್ದದ್ದು 18 ಗಂಟೆ. ಅದರಲ್ಲಿ ಮಗಳು ಎಚ್ಚರವಿದ್ದದ್ದು ಎಷ್ಟೋ!

ಈಗ ಯಾಕೆ ಕೇಳುತ್ತಿದ್ದೇನೆ ಎಂದರೆ, ನವೆಂಬರ್‌ನಲ್ಲಿ ಒಂದು ಘಟನೆ ನಡೆಯಿತು. ಅಡಿಕೆ ಕೊನೆ ಇಳಿಸುವವರು ಸಿಕ್ಕಿದ್ದೇ ಒಂದು ಶನಿವಾರ, ಮರುದಿನ ಬೆಳಗಿನ ಜಾವ ಡ್ಯೂಟಿ. ಅಪ್ಪನೊಬ್ಬರಿಂದ ಆಗದೆಂದು ಮಧ್ಯಾಹ್ನ ಮೂರರವರೆಗೂ ತೋಟದಲ್ಲೇ ಉಳಿದೆ. ಶಿವಮೊಗ್ಗದಲ್ಲಿ ಐದರ ಬಸ್ ಹತ್ತಿದೆ. ಬೀರೂರು ದಾಟಿದ ಮೇಲೆ ಬಸ್ ಕೆಟ್ಟು ನಿಂತಿತು. ಯಲಹಂಕ ತಲುಪುವಾಗ ರಾತ್ರಿ ಒಂದು. ಒಂದೂವರೆ ಗಂಟೆ ಮಲಗಿದೆ. ಅಂದಿನ ಎರಡನೆಯ ಸೆಕ್ಟರ್‌ನಲ್ಲಿ (ಹಾರಾಟದಲ್ಲಿ) ಕೆಳಗಿಳಿಯುವಾಗ ನೆಲದಿಂದ ವಿಮಾನ ಸಂಚಾರ ನಿಯಂತ್ರಿಸುವ ಕಂಟ್ರೋಲ್‌ನವರು 9,000 ಅಡಿ ಎಂದರು, ನಾನು 8,000 ಎಂದು ಮರಳಿ ಓದಿದೆ. ಅವರು ತಿದ್ದುವ ಮೊದಲೇ ಕ್ಯಾಪ್ಟನ್ ಎಡಗೈ ಎತ್ತಿ ತಡೆದಿದ್ದರು. ಇಳಿದ ಮೇಲೆ, "ರಾತ್ರಿ ಎಷ್ಟು ಹೊತ್ತು ಮಲಗಿದ್ದೆ?" ಎಂದು ಕೇಳಿದರು. ಐದು ಗಂಟೆ ಎಂದೆ.

ಆ ಸುಳ್ಳು ಇಂದಿಗೂ ಗಂಟಲಲ್ಲಿ ಸಿಕ್ಕಿಕೊಂಡಿದೆ. ಸಂಸಾರವನ್ನು ಬೆಂಗಳೂರಿಗೆ ಕರೆತರಲೇ? ಅಥವಾ ಹೀಗೆಯೇ ಓಡಾಡುತ್ತಾ ಸರಿಯಾಗಿ ಬದುಕುವ ದಾರಿ ಯಾರಿಗಾದರೂ ಗೊತ್ತಿದೆಯೇ?

ಸಹಕಾರನಗರದ ಕ್ಯಾಪ್ಟನ್ · ಶನಿವಾರ ರಾತ್ರಿ 9:14

ತಮ್ಮಾ, ನಾನು ಸಾಗರದವನು. ಎರಡು ಮಾತಿಲ್ಲ, ಸಂಸಾರ ಕರೆತಾ. ಮನೆ ಬೇಸಿನ ಹತ್ತಿರ ಇರಬೇಕು. ನಾನು ಮೊದಲು ಜಯನಗರದಲ್ಲಿದ್ದೆ. ಬೆಂಗಳೂರಿನವನೇ ಎಂದು ಹೆಸರಿಗೆ ಹೇಳಿಕೊಂಡರೂ ಸಂಜೆಯ ಡ್ಯೂಟಿಗೆ ದೇವನಹಳ್ಳಿ ಮುಟ್ಟಲು ಎರಡು ಗಂಟೆ ಹಿಡಿಯುತ್ತಿತ್ತು, ಹೆಬ್ಬಾಳದಲ್ಲೇ ಅರ್ಧ ಜೀವ ಹೋಗುತ್ತಿತ್ತು. ಮನೆ ಬದಲಿಸಿದ ಮೇಲೆ ದಿನಕ್ಕೆ ಮೂರು ಗಂಟೆ ಉಳಿಯಿತು. ಒಂದೇ ಊರಿನೊಳಗಿನ ದೂರವೇ ಹೀಗಾದರೆ ನಿನ್ನದು ಮಲೆನಾಡಿನ ಮೂಲೆ.

ಬ್ರಿಟನ್ನಿನ ಹಳೆಯ ಸಿಎಪಿ 371 ನಿಯಮಪುಸ್ತಕದಲ್ಲಿ ಬಹಳ ಹಿಂದೆಯೇ ಒಂದು ಮಾತಿತ್ತು. ಮನೆಯಿಂದ ನಿಲ್ದಾಣಕ್ಕೆ ಸಾಮಾನ್ಯವಾಗಿ ಒಂದೂವರೆ ಗಂಟೆಗಿಂತ ಹೆಚ್ಚು ಪ್ರಯಾಣವಿದ್ದರೆ ಬೇಸಿನ ಹತ್ತಿರ ತಂಗುವ ವ್ಯವಸ್ಥೆ ಮಾಡಿಕೊಳ್ಳುವುದನ್ನು ಯೋಚಿಸಿ ಎಂದು. ನಿನ್ನದು ಎಂಟು ಗಂಟೆ.

ಸೊಗಾನೆ ನೆರೆಯವ · ಶನಿವಾರ ರಾತ್ರಿ 9:20

ಬಸ್ಸು ಯಾಕೆ ಸ್ವಾಮಿ? ನಮ್ಮ ಸೊಗಾನೆಯಲ್ಲೇ ವಿಮಾನ ನಿಲ್ದಾಣ ಇದೆಯಲ್ಲ. ಪೈಲಟ್ಟೇ ವಿಮಾನ ಬಿಟ್ಟು ಬಸ್ಸು ಹತ್ತಿದರೆ ಬೇರೆಯವರ ಗತಿ ಏನು?

ಮಂಡಗದ್ದೆ ಹಕ್ಕಿ · ಶನಿವಾರ ರಾತ್ರಿ 9:31

@ಸೊಗಾನೆ ನೆರೆಯವ, ಹೋಗುವಾಗ ಎಷ್ಟೋ ಸಲ ಅದರಲ್ಲೇ ಹೋಗಿದ್ದೇನೆ. ಆದರೆ ಸಿಬ್ಬಂದಿ ಟಿಕೆಟ್ ಎಂದರೆ ಸೀಟು ಖಾಲಿ ಉಳಿದರೆ ಮಾತ್ರ. ಅಲ್ಲಿಗೆ ಬರುವ ಎಟಿಆರ್ ಎಂಬ ಸಣ್ಣ ವಿಮಾನದಲ್ಲಿ ಇರುವುದೇ 78 ಸೀಟು, ಮದುವೆಯ ತಿಂಗಳಲ್ಲಿ ಒಂದೂ ಉಳಿಯುವುದಿಲ್ಲ. ಮಳೆಗಾಲದಲ್ಲಿ ಮೋಡ ಕೆಳಗಿಳಿದರೆ ಆ ವಿಮಾನ ಇಳಿಯದೆ ವಾಪಸು ಹೋದದ್ದೂ ಉಂಟು. ಡ್ಯೂಟಿಯ ಹಿಂದಿನ ದಿನ ಅದನ್ನೇ ನಂಬಿ ಕೂತರೆ ಕೆಟ್ಟೆ.

ಸೊಗಾನೆ ನೆರೆಯವ · ಶನಿವಾರ ರಾತ್ರಿ 9:38

ಅದು ಸರಿ. ಆದರೂ ನಮ್ಮ ನಿಲ್ದಾಣವನ್ನು ಹಗುರವಾಗಿ ಕಾಣಬೇಡಿ. ರನ್‌ವೇ 3,200 ಮೀಟರ್, ನಿಮ್ಮ ಏರ್‌ಬಸ್ಸೂ ಇಳಿಯಬಹುದು. 27 ಫೆಬ್ರುವರಿ 2023ರಂದು ಉದ್ಘಾಟನೆಯಾಯಿತು, ಆಗಸ್ಟ್ 31ಕ್ಕೆ ಬೆಂಗಳೂರಿನ ಮೊದಲ ವಿಮಾನ ಬಂತು. ಆ ದಿನ ನಮ್ಮ ಅಜ್ಜಿ ಗದ್ದೆಯ ಬದುವಿನ ಮೇಲೆ ನಿಂತು ಕೈ ಮುಗಿದಿದ್ದರು. ಇಲ್ಲೇ ಒಂದು ಬೇಸ್ ಆದರೆ ನಿಮ್ಮಂಥವರ ಸಮಸ್ಯೆಯೇ ಇರುವುದಿಲ್ಲ.

ಸಹಕಾರನಗರದ ಕ್ಯಾಪ್ಟನ್ · ಶನಿವಾರ ರಾತ್ರಿ 9:45

ರನ್‌ವೇ ಉದ್ದವಿದ್ದ ಮಾತ್ರಕ್ಕೆ ಬೇಸ್ ಆಗುವುದಿಲ್ಲ. ವಿಮಾನಗಳು ರಾತ್ರಿ ಅಲ್ಲೇ ತಂಗಬೇಕು, ಬೆಳಗ್ಗೆ ಅಲ್ಲಿಂದಲೇ ಹೊರಡಬೇಕು, ದುರಸ್ತಿಯ ಎಂಜಿನಿಯರ್‌ಗಳು ಇರಬೇಕು. ಶಿವಮೊಗ್ಗಕ್ಕೆ ಬೆಂಗಳೂರಿನಿಂದ ಬರುವ ವಿಮಾನ ಸ್ವಲ್ಪ ಹೊತ್ತು ನಿಂತು ಹಿಂತಿರುಗುತ್ತದೆ. ಸಂಸ್ಥೆ ಅದಕ್ಕಾಗಿ ಅಲ್ಲಿ ಪೈಲಟ್‌ಗಳನ್ನು ಯಾಕೆ ಇಟ್ಟುಕೊಳ್ಳುತ್ತದೆ? ನನಗೂ ಊರಿನ ಆಸೆ ಇದೆ, ಆದರೆ ಆಸೆಯ ಮೇಲೆ ರೋಸ್ಟರ್ (ಡ್ಯೂಟಿ ಪಟ್ಟಿ) ನಡೆಯುವುದಿಲ್ಲ.

ರಾತ್ರಿ ಬಸ್ಸಿನವ · ಶನಿವಾರ ರಾತ್ರಿ 10:05

ನಾನು ಇಪ್ಪತ್ತೆರಡು ವರ್ಷ ಶಿವಮೊಗ್ಗ–ಬೆಂಗಳೂರು ರಾತ್ರಿ ಬಸ್ ಓಡಿಸಿದವನು. ಈಗ ನಿವೃತ್ತ. ಬೀರೂರಿನಲ್ಲಿ ಕೆಟ್ಟು ನಿಂತ ಬಸ್ಸಿನ ಚಾಲಕನ ಪಾಡೂ ನನಗೆ ಗೊತ್ತು.

ನಮಗೆ ಕಣ್ಣು ಎಳೆದರೆ ಕಡೂರಿನ ಹತ್ತಿರವೋ ತಿಪಟೂರಿನ ಹತ್ತಿರವೋ ಗಾಡಿ ಬದಿಗೆ ಹಾಕಿ, ಮುಖಕ್ಕೆ ನೀರು ಹೊಡೆದುಕೊಂಡು, ಒಂದು ಲೋಟ ಚಹಾ ಕುಡಿದು ಹೊರಡುತ್ತಿದ್ದೆವು. ನೀವು ಎಲ್ಲಿ ನಿಲ್ಲಿಸುತ್ತೀರಿ?

ಇನ್ನೊಂದು ವಿಷಯ. ರಾತ್ರಿ ಡ್ಯೂಟಿ ಮುಗಿಸಿ ಸ್ವಂತ ಕಾರಿನಲ್ಲಿ ಊರಿಗೆ ಹೊರಡುವ ಅಭ್ಯಾಸವಿದ್ದರೆ ಇಂದೇ ಬಿಡಿ. ಅರಸೀಕೆರೆಯಿಂದ ಕಡೂರಿನ ನೇರ ರಸ್ತೆಯಲ್ಲಿ, ಬೆಳಗಿನ ನಾಲ್ಕು ಗಂಟೆಗೆ, ಎಚ್ಚರವಿದ್ದೂ ನಿದ್ದೆ ಮಾಡುವ ಕಾರುಗಳನ್ನು ನಾನು ಎದುರಿನಿಂದ ನೋಡಿದ್ದೇನೆ. ದೀಪ ಹೊತ್ತಿಸಿ ಆರಿಸಿ, ಹಾರ್ನ್ ಹೊಡೆದು ಎಬ್ಬಿಸಿದ್ದೇನೆ. ಎಬ್ಬಿಸಲಾಗದ್ದನ್ನೂ ನೋಡಿದ್ದೇನೆ.

ವಿನೋಬನಗರದ ವೈದ್ಯ · ಶನಿವಾರ ರಾತ್ರಿ 10:32

ರಾತ್ರಿ ಬಸ್ಸಿನ ಯಜಮಾನರು ಅನುಭವದಿಂದ ಹೇಳಿದ್ದಕ್ಕೆ ಅಳತೆಯೂ ಇದೆ. 1997ರಲ್ಲಿ ಡಾಸನ್ ಮತ್ತು ರೀಡ್ ಎಂಬ ಸಂಶೋಧಕರು 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಸತತ 17 ಗಂಟೆ ಎಚ್ಚರವಿದ್ದವರ ಕೈ–ಕಣ್ಣುಗಳ ಹೊಂದಾಣಿಕೆ ರಕ್ತದಲ್ಲಿ ಶೇಕಡ 0.05 ಮದ್ಯ ಇದ್ದವರಷ್ಟೇ ಕುಗ್ಗಿರುತ್ತದೆ. ಪೈಲಟ್‌ಗಳಿಗೆ ಹಾರುವ ಮೊದಲು ಉಸಿರಿನ ಪರೀಕ್ಷೆ ಮಾಡುತ್ತಾರೆ, ಕುಡಿದಿದ್ದರೆ ಸಿಕ್ಕಿಬೀಳುತ್ತಾರೆ. ನಿದ್ದೆಗೆಟ್ಟವರನ್ನು ಹಿಡಿಯುವ ಯಂತ್ರ ಆ ಬಾಗಿಲಲ್ಲಿಲ್ಲ.

ಮಂಡಗದ್ದೆಯವರೇ, ನಿಮ್ಮ ಲೆಕ್ಕದಲ್ಲಿ ಒಂದು ತಪ್ಪಿದೆ. ಸಂಜೆ ಏಳಕ್ಕೆ ಹಾಸಿಗೆ ಸೇರಿದರೆ ಏಳಕ್ಕೇ ನಿದ್ದೆ ಬರುತ್ತದೆ ಎಂದುಕೊಂಡಿದ್ದೀರಿ. ಬಹುತೇಕರಿಗೆ ಮಲಗುವ ವೇಳೆಯ ಹಿಂದಿನ ಎರಡು ಮೂರು ಗಂಟೆಗಳಲ್ಲೇ ದೇಹ ಅತಿ ಹೆಚ್ಚು ಎಚ್ಚರವಾಗಿರುತ್ತದೆ. ಎಂಟು ಗಂಟೆ ಪ್ರಯಾಣ ಮಾಡಿ, ಸೊಂಟ ನೋಯುತ್ತಾ, ಮಗಳು ಬಾಗಿಲಲ್ಲಿ ಅತ್ತದ್ದು ನೆನಪಾಗುತ್ತಾ ಮಲಗಿದವರಿಗೆ ಒಂಬತ್ತೂವರೆಗೆ ನಿದ್ದೆ ಹತ್ತಿದರೆ ಪುಣ್ಯ. ಅಲ್ಲಿಗೆ ಐದು ಗಂಟೆ. ನೀವು ಕ್ಯಾಪ್ಟನ್‌ಗೆ ಹೇಳಿದ 'ಐದು ಗಂಟೆ' ನಿಮ್ಮ ಒಳ್ಳೆಯ ದಿನಗಳ ಲೆಕ್ಕ!

ಅಡಿಕೆ ಚಪ್ಪರ · ಶನಿವಾರ ರಾತ್ರಿ 10:40

ಈ ಸಲ ನಿಮ್ಮ ಕಡೆ ಎಲೆಚುಕ್ಕಿ ರೋಗ ಹೇಗಿದೆ? ನಮ್ಮಲ್ಲಿ ಅರ್ಧ ತೋಟ ಕೆಂಪಾಗಿದೆ.

ಮಂಡಗದ್ದೆ ಹಕ್ಕಿ · ಶನಿವಾರ ರಾತ್ರಿ 10:44

ಮೇಲಿನ ತೋಟಕ್ಕೆ ಬಂದಿದೆ. ಅಪ್ಪ ನಿದ್ದೆಗೆಟ್ಟಿರುವುದೂ ಅದಕ್ಕೇ.

ಕೊಪ್ಪದವ, ಡಲ್ಲಾಸ್ · ಶನಿವಾರ ರಾತ್ರಿ 11:10

ಇಲ್ಲಿ ಅಮೆರಿಕದಲ್ಲಿ ಇದು ಮನೆಮನೆಯ ಕಥೆ. ನಾನೂ ಏಳು ವರ್ಷ ಹೀಗೆ ಓಡಾಡಿದ್ದೇನೆ. ಒಂದು ರಾಜ್ಯದಲ್ಲಿ ಮನೆ, ಇನ್ನೊಂದರಲ್ಲಿ ಬೇಸ್, ನಡುವೆ ವಿಮಾನದಲ್ಲೇ ಓಡಾಟ. ಕಾಕ್‌ಪಿಟ್‌ನ ಹಿಂದಿನ ಜಂಪ್‌ಸೀಟಿನಲ್ಲಿ ಪುಕ್ಕಟೆಯಾಗಿ ಕೂತು ಹೋಗಬಹುದು, ಜಾಗ ಸಿಕ್ಕರೆ. ಬೇಸಿನಲ್ಲಿ 'ಕ್ರ್ಯಾಶ್‌ಪ್ಯಾಡ್' ಎಂಬ ಹಂಚಿಕೆಯ ಮನೆಗಳಿರುತ್ತವೆ. ನ್ಯೂಯಾರ್ಕಿನ ಕ್ಯೂ ಗಾರ್ಡನ್ಸ್ ಬಡಾವಣೆ ಇದಕ್ಕೇ ಹೆಸರಾಗಿ, ಅದನ್ನು ಕ್ರ್ಯೂ (ಸಿಬ್ಬಂದಿ) ಗಾರ್ಡನ್ಸ್ ಎಂದೇ ಕರೆಯುತ್ತಾರೆ. ನಾನಿದ್ದ ಮನೆಯಲ್ಲಿ ಒಂದು ಕೋಣೆಗೆ ಆರು ಹಾಸಿಗೆ, ಮೇಲೊಂದು ಕೆಳಗೊಂದು. ಒಬ್ಬ ಎರಡಕ್ಕೆ ಎದ್ದು ಶೂ ಹಾಕಿಕೊಳ್ಳುತ್ತಾನೆ, ಇನ್ನೊಬ್ಬ ಮೂರಕ್ಕೆ ಬಂದು ಸೂಟ್‌ಕೇಸಿನ ಜಿಪ್ ಎಳೆಯುತ್ತಾನೆ. ಆ ಜಿಪ್ಪಿನ ಶಬ್ದ ಕೇಳಿದರೆ ಇಂದಿಗೂ ಎಚ್ಚರವಾಗುತ್ತೇನೆ.

12 ಫೆಬ್ರುವರಿ 2009ರಂದು ಬಫಲೋ ಹತ್ತಿರ ಕೋಲ್ಗನ್ 3407 ವಿಮಾನ ಬಿದ್ದು 50 ಜನ ಸತ್ತರು. ಅದರ ಫಸ್ಟ್ ಆಫೀಸರ್ ಸಿಯಾಟಲ್‌ನಿಂದ ಸರಕು ವಿಮಾನದಲ್ಲಿ, ಮೆಂಫಿಸ್ ಮೂಲಕ, ಇಡೀ ರಾತ್ರಿ ಪ್ರಯಾಣ ಮಾಡಿ ನ್ಯೂವಾರ್ಕ್ ತಲುಪಿದ್ದರು. ಕ್ಯಾಪ್ಟನ್ ಫ್ಲೋರಿಡಾದವರು, ನಿಲ್ದಾಣದ ಸಿಬ್ಬಂದಿ ಕೋಣೆಯಲ್ಲೇ ರಾತ್ರಿ ಕಳೆದಿದ್ದರು. ಓಡಾಟದ ದಣಿವೇ ಆ ವಿಮಾನವನ್ನು ಕೆಡವಿತು.

ಸಹಕಾರನಗರದ ಕ್ಯಾಪ್ಟನ್ · ಶನಿವಾರ ರಾತ್ರಿ 11:22

@ಕೊಪ್ಪದವ, ಕೊನೆಯ ವಾಕ್ಯ ತಿದ್ದಿಕೊಳ್ಳಿ. ತನಿಖಾ ಮಂಡಳಿ ಕಂಡ ಕಾರಣ ಬೇರೆ. ವೇಗ ಕುಸಿದು, ಕಂಟ್ರೋಲ್ ಕೋಲನ್ನೇ ನಡುಗಿಸುವ ಸ್ಟಿಕ್ ಶೇಕರ್ ಎಚ್ಚರಿಕೆ ಕೊಟ್ಟಾಗ ಕ್ಯಾಪ್ಟನ್ ಮೂತಿ ತಗ್ಗಿಸುವ ಬದಲು ಕಂಟ್ರೋಲ್ ಹಿಂದಕ್ಕೆಳೆದದ್ದು. ಇಬ್ಬರೂ ದಣಿದಿದ್ದಿರಬಹುದು, ಆದರೆ ಅದು ಎಷ್ಟರಮಟ್ಟಿಗೆ ಕಾರಣವಾಯಿತೆಂದು ಹೇಳಲಾಗದು ಎಂದರು. ಮಂಡಳಿಯ ಅಧ್ಯಕ್ಷೆ ಮಾತ್ರ ದಣಿವನ್ನೂ ಕಾರಣಗಳ ಪಟ್ಟಿಗೆ ಸೇರಿಸಬೇಕೆಂದು ಪಟ್ಟು ಹಿಡಿದಿದ್ದರು.

ಕೊಪ್ಪದವ, ಡಲ್ಲಾಸ್ · ಶನಿವಾರ ರಾತ್ರಿ 11:36

ಒಪ್ಪಿದೆ, ಅವಸರದಲ್ಲಿ ಬರೆದೆ. ಆದರೆ ಆಮೇಲೆ ಆದದ್ದನ್ನೂ ಹೇಳಬೇಕು. 2010ರಲ್ಲಿ ಕಾನೂನು ಬಂತು, 2014ರಿಂದ ಹೊಸ ವಿಶ್ರಾಂತಿ ನಿಯಮಗಳು ಜಾರಿಯಾದವು. ಡ್ಯೂಟಿಗೆ ಮೊದಲು ಹತ್ತು ಗಂಟೆ ವಿಶ್ರಾಂತಿ, ಅದರಲ್ಲಿ ಎಂಟು ಗಂಟೆ ಅಡೆತಡೆಯಿಲ್ಲದ ನಿದ್ದೆಗೆ ಅವಕಾಶ. ಪೈಲಟ್‌ಗಳ ಓಡಾಟದ ಬಗ್ಗೆಯೇ ಪ್ರತ್ಯೇಕ ಅಧ್ಯಯನ ಮಾಡಿಸಿದರು. 2011ರಲ್ಲಿ ಬಂದ ಆ ವರದಿ, ಇಂತಿಷ್ಟೇ ದೂರ ಎಂದು ಗೆರೆ ಎಳೆಯುವಷ್ಟು ಮಾಹಿತಿ ಇಲ್ಲ ಎಂದಿತು. ಹತ್ತು ಮೈಲಿ ದೂರದಲ್ಲಿದ್ದು ರಾತ್ರಿಯೆಲ್ಲ ಮಗುವನ್ನು ಎತ್ತಿಕೊಂಡು ತಿರುಗಿದವನು ದಣಿದಿರಬಹುದು, ಸಾವಿರ ಮೈಲಿಯಿಂದ ಹಿಂದಿನ ದಿನವೇ ಬಂದು ಮಲಗಿದವನು ಲವಲವಿಕೆಯಿಂದಿರಬಹುದು. ಕಡೆಗೆ ಹೊಣೆ ಪೈಲಟ್‌ನ ಹೆಗಲಿಗೇ ಬಂತು.

ಮೊದಲ ಸಾಲಿನ ಪ್ರಯಾಣಿಕ · ಭಾನುವಾರ ಬೆಳಗ್ಗೆ 6:50

ಓದಿ ರಾತ್ರಿ ನಿದ್ದೆ ಬರಲಿಲ್ಲ. ಕಳೆದ ಡಿಸೆಂಬರ್‌ನಲ್ಲಿ ಪೈಲಟ್‌ಗಳ ವಿಶ್ರಾಂತಿಯ ಹೊಸ ನಿಯಮ ಎಂದು ಸಾಲು ಸಾಲು ವಿಮಾನಗಳು ರದ್ದಾದಾಗ ನಾನು ತಂಗಿಯ ಸೀಮಂತಕ್ಕೆ ಹೋಗಲಾಗದೆ ನಿಲ್ದಾಣದ ನೆಲದ ಮೇಲೆ ಕೂತಿದ್ದೆ. ಆಗಲೂ ಮನೆಯವರಿಗೆ ಹೇಳಿದ್ದೆ, ಪೈಲಟ್ ಮಲಗಿ ಎದ್ದು ಬರಲಿ, ನಾನು ಕಾಯುತ್ತೇನೆ ಎಂದು. ನಾವು ಹಾಗೆ ಕಾದು ಉಳಿಸಿಕೊಟ್ಟ ಹೊತ್ತನ್ನು ನೀವು ಬೀರೂರಿನ ರಸ್ತೆಯಲ್ಲಿ ಕಳೆದಿರಿ. ನಿಮ್ಮ ಕಷ್ಟ ಅರ್ಥವಾಗುತ್ತದೆ. ಸಿಟ್ಟೂ ಬರುತ್ತದೆ.

ಮಂಡಗದ್ದೆ ಹಕ್ಕಿ · ಭಾನುವಾರ ಬೆಳಗ್ಗೆ 7:15

ನಿಮ್ಮ ಸಿಟ್ಟು ನ್ಯಾಯವಾದದ್ದು. ಬೇರೆ ಉತ್ತರ ನನ್ನಲ್ಲಿಲ್ಲ.

ಕಮ್ಮರಡಿ ಹುಡುಗಿ · ಭಾನುವಾರ ಬೆಳಗ್ಗೆ 8:02

ನಾನು ಸಿಪಿಎಲ್ (ವಾಣಿಜ್ಯ ಪೈಲಟ್ ಪರವಾನಗಿ) ತರಬೇತಿಯಲ್ಲಿದ್ದೇನೆ, 200 ಗಂಟೆ ಹಾರಾಟ ಮುಗಿಯಲು ಇನ್ನು ಸ್ವಲ್ಪ ಬಾಕಿ. ಹೊಸ ನಿಯಮ ಎಂದರೆ ಏನು, ಯಾರಾದರೂ ಬಿಡಿಸಿ ಹೇಳುತ್ತೀರಾ?

ಸಹಕಾರನಗರದ ಕ್ಯಾಪ್ಟನ್ · ಭಾನುವಾರ ಬೆಳಗ್ಗೆ 8:30

ಒಳ್ಳೆಯದಾಗಲಿ ಮಗಳೇ. ಮುಖ್ಯವಾದದ್ದು ಹೇಳುತ್ತೇನೆ. ನಮ್ಮ ದೇಶದ ವಿಮಾನಯಾನ ನಿಯಂತ್ರಕ ಡಿಜಿಸಿಎ 2024ರ ಜನವರಿಯಲ್ಲಿ ಹೊರಡಿಸಿದ ನಿಯಮ, 2025ರ ಜುಲೈ ಮತ್ತು ನವೆಂಬರ್‌ನಲ್ಲಿ ಎರಡು ಹಂತಗಳಲ್ಲಿ ಜಾರಿ. ವಾರದ ವಿಶ್ರಾಂತಿ 36ರಿಂದ 48 ಗಂಟೆಗೆ ಏರಿತು. 'ರಾತ್ರಿ' ಎಂದರೆ ಹನ್ನೆರಡರಿಂದ ಐದು ಎಂದಿದ್ದದ್ದು ಆರರವರೆಗೆ ಆಯಿತು. ರಾತ್ರಿ ಡ್ಯೂಟಿಯಲ್ಲಿ ಆರು ಸಲ ವಿಮಾನ ಇಳಿಸಬಹುದಾಗಿದ್ದದ್ದು ಎರಡಕ್ಕೆ ಇಳಿಯಿತು. ಡಿಸೆಂಬರ್‌ನ ಗೊಂದಲದಲ್ಲಿ ಕೆಲವಕ್ಕೆ ತಾತ್ಕಾಲಿಕ ವಿನಾಯಿತಿಯನ್ನೂ ಕೊಟ್ಟರು.

ವಿಶ್ರಾಂತಿ ಯಾವಾಗ ಶುರು, ಯಾವಾಗ ಕೊನೆ ಎಂಬುದನ್ನಷ್ಟೇ ರೋಸ್ಟರ್ ಬಲ್ಲದು. ನಡುವೆ ನೀನು ಮಲಗಿದ್ದೆಯೋ, ತರೀಕೆರೆಯ ಬಸ್ ನಿಲ್ದಾಣದಲ್ಲಿ ನಿಂತಿದ್ದೆಯೋ ಅದಕ್ಕೆ ತಿಳಿಯದು. ಮಂಗಳೂರಿನ ದುರಂತ ನೆನಪಿರಲಿ. 22 ಮೇ 2010, ಬಜ್ಪೆ, 158 ಜನ. ಕಾಕ್‌ಪಿಟ್‌ನ ಧ್ವನಿಮುದ್ರಿಕೆಯ ಮೊದಲ ಒಂದು ಗಂಟೆ ನಲವತ್ತು ನಿಮಿಷ ಕ್ಯಾಪ್ಟನ್ ನಿದ್ದೆಯಲ್ಲಿದ್ದರು, ಗೊರಕೆ ಕೇಳಿಸುತ್ತಿತ್ತು. ನಿದ್ದೆಯಿಂದ ಎದ್ದ ಮಂಪರಿನಲ್ಲೇ ತಪ್ಪು ನಿರ್ಧಾರಗಳಾದವು ಎಂದು ತನಿಖೆ ಹೇಳಿತು. ಅದಕ್ಕೂ ಮನೆ ದೂರ ಇದ್ದದ್ದಕ್ಕೂ ಸಂಬಂಧವಿಲ್ಲ, ಬೆರೆಸಬೇಡಿ. ಬೆಳಗಿನ ಜಾವದ ನಿದ್ದೆ ಎಂಥದ್ದು ಎಂದು ತಿಳಿಯಲಿ ಎಂದು ಹೇಳಿದೆ.

ಹೊಸನಗರದ ಅಕ್ಕ · ಭಾನುವಾರ ಬೆಳಗ್ಗೆ 10:48

ರಾತ್ರಿಯಿಂದ ಎಲ್ಲ ಓದುತ್ತಿದ್ದೇನೆ. 'ಸಂಸಾರ ಕರೆತಾ' ಎಂದು ಕ್ಯಾಪ್ಟನ್ ಸಾಹೇಬರು ಎಷ್ಟು ಸಲೀಸಾಗಿ ಹೇಳಿಬಿಟ್ಟರು! ಸಂಸಾರವೇನು ಅಡಿಕೆ ಮೂಟೆಯೇ, ಲಾರಿಗೆ ಹಾಕಿ ಕಳಿಸಲು?

ನನ್ನ ಯಜಮಾನರೂ ಪೈಲಟ್. ಬೇಸ್ ಹೈದರಾಬಾದ್. ಮದುವೆಯಾದ ಹೊಸದರಲ್ಲಿ ಎಲ್ಲರೂ ಹೇಳಿದರೆಂದು ನಾನೂ ಅಲ್ಲಿಗೆ ಹೋದೆ. ಎರಡು ವರ್ಷ ಹತ್ತನೇ ಮಹಡಿಯಲ್ಲಿ ಬದುಕಿದೆ. ಅವರು ವಾರಕ್ಕೆ ಮೂರು ನಾಲ್ಕು ರಾತ್ರಿ ಬೇರೆ ಊರಿನ ಹೋಟೆಲಿನಲ್ಲಿರುತ್ತಿದ್ದರು. ಮನೆಗೆ ಬಂದಾಗ ಹಗಲು ಪರದೆ ಎಳೆದು ಮಲಗುತ್ತಿದ್ದರು. ಕೈಗೂಸನ್ನು ಎತ್ತಿಕೊಂಡು, ಅವರಿಗೆ ಎಚ್ಚರವಾಗದಿರಲೆಂದು ನಾನು ಮೆಟ್ಟಿಲ ಮೇಲೆ ಕೂತಿರುತ್ತಿದ್ದೆ. ಮಗುವಿಗೆ ಜ್ವರ ಬಂದ ರಾತ್ರಿ ಪಕ್ಕದ ಮನೆಯವರ ಹೆಸರೂ ನನಗೆ ಗೊತ್ತಿರಲಿಲ್ಲ. ಬೇಸಿನಲ್ಲೇ ಇದ್ದೂ ಒಂಟಿಯಾಗಿದ್ದೆ.

ನಾನೇ ಹಟ ಹಿಡಿದು ವಾಪಸು ಬಂದೆ. ಈಗ ಅತ್ತೆ ಇದ್ದಾರೆ, ತಮ್ಮನ ಮನೆ ಹತ್ತಿರ, ನನ್ನದೇ ಹೊಲಿಗೆಯ ಕೆಲಸ ಇದೆ. ಆದರೆ ನಮ್ಮ ಮನೆಯಲ್ಲಿ ಒಂದು ಕಟ್ಟಳೆ ಇದೆ. ಡ್ಯೂಟಿಯ ಹಿಂದಿನ ರಾತ್ರಿ ಅವರು ಈ ಮನೆಯಲ್ಲಿ ಇರುವಂತಿಲ್ಲ. ಹಬ್ಬವಾಗಲಿ, ಹುಟ್ಟುಹಬ್ಬವಾಗಲಿ. ಒಂದು ಸಲ ಭೂಮಿ ಹುಣ್ಣಿಮೆಯ ಅಡುಗೆ ಒಲೆಯ ಮೇಲಿರುವಾಗಲೇ ಬುತ್ತಿ ಕಟ್ಟಿ ಕಳಿಸಿದ್ದೇನೆ. ಬಿಳಿ ಅಂಗಿಯ ತೋಳಿಗೆ ಅಡಿಕೆ ಚೊಗರು ತಾಗಿ ಕಲೆಯಾಗಿತ್ತು, ಅದು ಹೋಗುವುದಿಲ್ಲ, ನಿಮಗೆ ಗೊತ್ತಲ್ಲ. ಅಂಗಿ ಬದಲಿಸಲೂ ಬಿಡದೆ, "ಅಲ್ಲಿ ಹೋಗಿ ಬದಲಿಸಿ, ಬಸ್ ತಪ್ಪುತ್ತದೆ" ಎಂದೆ. ಅವರು ಹೋದ ಮೇಲೆ ಬಚ್ಚಲಿನಲ್ಲಿ ಅತ್ತುಬಿಟ್ಟೆ.

ಮಂಡಗದ್ದೆಯ ತಮ್ಮಾ, ಇಲ್ಲಿ ಇಷ್ಟು ಜನರನ್ನು ಕೇಳಿದಿರಿ. ನವೆಂಬರ್‌ನ ಆ 8,000 ಅಡಿಯ ಕಥೆ ನಿಮ್ಮ ಹೆಂಡತಿಗೆ ಗೊತ್ತೇ?

ಮಂಡಗದ್ದೆ ಹಕ್ಕಿ · ಭಾನುವಾರ ಬೆಳಗ್ಗೆ 11:05

ಗೊತ್ತಿಲ್ಲ ಅಕ್ಕ.

ಹೊಸನಗರದ ಅಕ್ಕ · ಭಾನುವಾರ ಬೆಳಗ್ಗೆ 11:07

ಮೊದಲು ಅದನ್ನು ಹೇಳಿ. ಮೂರು ಗಂಟೆಯವರೆಗೆ ತೋಟದಲ್ಲಿ ನಿಲ್ಲಿಸಿಕೊಂಡವರಿಗೆ ಅದರ ಬೆಲೆ ತಿಳಿಯದಿದ್ದರೆ ಮುಂದಿನ ಸಲವೂ ನಿಲ್ಲಿಸಿಕೊಳ್ಳುತ್ತಾರೆ. ತಪ್ಪು ಅವರದಲ್ಲ.

ಸಹಕಾರನಗರದ ಕ್ಯಾಪ್ಟನ್ · ಭಾನುವಾರ ಬೆಳಗ್ಗೆ 11:40

ಅಮ್ಮಾ, ನೀವು ಹೇಳಿದ್ದು ನಾಟಿತು. ನನ್ನ ಮನೆಯವರೂ ಹದಿನೆಂಟು ವರ್ಷ ಆ ಮೆಟ್ಟಿಲ ಮೇಲೆ ಕೂತಿದ್ದಾರೇನೋ, ನಾನು ಕೇಳಿಲ್ಲ. ಆದರೂ ಒಂದು ವಿಷಯದಲ್ಲಿ ಹಿಂದೆ ಸರಿಯುವುದಿಲ್ಲ. ಸ್ಟ್ಯಾಂಡ್‌ಬೈ ಇದ್ದ ದಿನ ಏನು ಮಾಡುತ್ತೀರಿ? ಫೋನ್ ಬಂದರೆ ಒಂದೂವರೆ ಎರಡು ಗಂಟೆಯಲ್ಲಿ ಹಾಜರಾಗಬೇಕು. ಹೊಸನಗರದ ಒಳಗೆ ಫೋನಿನ ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತಬೇಕು.

ಹೊಸನಗರದ ಅಕ್ಕ · ಭಾನುವಾರ ಬೆಳಗ್ಗೆ 11:52

ಸ್ಟ್ಯಾಂಡ್‌ಬೈ ದಿನವೂ ಡ್ಯೂಟಿಯ ದಿನವೇ. ಆ ದಿನ ಅವರು ಹೈದರಾಬಾದಿನಲ್ಲೇ ಇರುತ್ತಾರೆ. ಇದರಲ್ಲಿ ಜಗಳವೇ ಇಲ್ಲ.

ಹಳಿಯ ಮೇಲಿನ ಬದುಕು · ಭಾನುವಾರ ಮಧ್ಯಾಹ್ನ 12:30

ನಿವೃತ್ತ ಲೋಕೋ ಪೈಲಟ್, ಭದ್ರಾವತಿ. ನೀವು ಆಕಾಶದಲ್ಲಿ ಈಗ ಚರ್ಚಿಸುತ್ತಿರುವುದನ್ನು ರೈಲ್ವೆ ಬಹಳ ಹಿಂದೆಯೇ ಯೋಚಿಸಿತ್ತು. ನಮಗೆ ಕೇಂದ್ರಸ್ಥಾನದ ಹತ್ತಿರ ಕ್ವಾರ್ಟರ್ಸ್ ಇತ್ತು. ಕಾಲ್ ಬಾಯ್ ಮನೆ ಬಾಗಿಲಿಗೆ ಬಂದು, ಪುಸ್ತಕಕ್ಕೆ ಸಹಿ ಹಾಕಿಸಿಕೊಂಡು ಎಬ್ಬಿಸುತ್ತಿದ್ದ. ಪೂರ್ತಿ ಪಾಳಿ ದುಡಿದು ಬಂದರೆ ಕೇಂದ್ರಸ್ಥಾನದಲ್ಲಿ 16 ಗಂಟೆ ವಿಶ್ರಾಂತಿ. ಬೇರೆ ಊರಿನಲ್ಲಿ ಇಳಿದರೆ ರನ್ನಿಂಗ್ ರೂಮ್, ಅಲ್ಲಿ ಊಟ, ಹಾಸಿಗೆ, ಗಲಾಟೆ ಮಾಡಿದರೆ ಬೈಯುವ ಮೇಲ್ವಿಚಾರಕ. ಬೂಟು ಕೈಯಲ್ಲಿ ಹಿಡಿದು ಓಡಾಡುತ್ತಿದ್ದೆವು.

ಯಲಹಂಕದ ಮನೆಯಲ್ಲಿ ಮೂವರಿದ್ದೀರಿ ಎಂದಿರಿ. ಅಲ್ಲಿ ಬೂಟು ಕೈಯಲ್ಲಿ ಹಿಡಿದು ನಡೆಯುವ ಪದ್ಧತಿ ಇದೆಯೇ?

ಮಂಡಗದ್ದೆ ಹಕ್ಕಿ · ಭಾನುವಾರ ಮಧ್ಯಾಹ್ನ 12:55

ಇಲ್ಲ ಸರ್. ಒಬ್ಬರಿಗೆ ರಾತ್ರಿ ಡ್ಯೂಟಿ, ಒಬ್ಬರಿಗೆ ಹಗಲು. ಹಾಲಿನಲ್ಲಿ ಟಿವಿ ಆರುವುದೇ ಇಲ್ಲ. ನನ್ನ ಕೋಣೆಯ ಕಿಟಕಿ ರಸ್ತೆಗೆ ಮುಖ ಮಾಡಿದೆ, ಪರದೆ ತೆಳು. ಬರೀ ರಾತ್ರಿ ಕಳೆಯುವ ಜಾಗ ಎಂದುಕೊಂಡು ಏನೂ ಸರಿಮಾಡಿಕೊಂಡಿಲ್ಲ.

ವಿನೋಬನಗರದ ವೈದ್ಯ · ಭಾನುವಾರ ಮಧ್ಯಾಹ್ನ 1:10

ತಿಂಗಳಿಗೆ ಎಷ್ಟು ರಾತ್ರಿ ಅಲ್ಲಿ ಮಲಗುತ್ತೀರಿ?

ಮಂಡಗದ್ದೆ ಹಕ್ಕಿ · ಭಾನುವಾರ ಮಧ್ಯಾಹ್ನ 1:12

ಹದಿನೈದು, ಹದಿನಾರು.

ವಿನೋಬನಗರದ ವೈದ್ಯ · ಭಾನುವಾರ ಮಧ್ಯಾಹ್ನ 1:20

ತಿಂಗಳ ಅರ್ಧ! ಹಾಗಾದರೆ ನಿಮ್ಮ ಮನೆ ಅದೇ. ತೀರ್ಥಹಳ್ಳಿಯದ್ದು ನಿಮ್ಮವರ ಮನೆ. ದಪ್ಪ ಕಪ್ಪು ಪರದೆ, ಒಳ್ಳೆಯ ಹಾಸಿಗೆ, ಒಂಟಿ ಕೋಣೆ. ಬೇರೆ ಯಾವುದಕ್ಕೆ ಜಿಪುಣತನ ಮಾಡಿದರೂ ಇದಕ್ಕೆ ಮಾಡಬೇಡಿ.

ಕಮ್ಮರಡಿ ಹುಡುಗಿ · ಭಾನುವಾರ ಮಧ್ಯಾಹ್ನ 1:45

ಒಂದು ಸಂಶಯ. ದಣಿದಿದ್ದೇನೆ, ಇಂದು ಹಾರಲಾರೆ ಎಂದು ಪೈಲಟ್ ಹೇಳಬಹುದಲ್ಲವೇ? ಆ ದಿನ ಯಾಕೆ ಹೇಳಲಿಲ್ಲ?

ಮಂಡಗದ್ದೆ ಹಕ್ಕಿ · ಭಾನುವಾರ ಮಧ್ಯಾಹ್ನ 2:03

ಹೇಳಬಹುದಿತ್ತು. ರೋಸ್ಟರ್‌ನಿಂದ ದಣಿದಿದ್ದರೆ ಧೈರ್ಯವಾಗಿ ಹೇಳುತ್ತಿದ್ದೆ. ಇದು ನಾನೇ ತಂದುಕೊಂಡ ದಣಿವು. ಬಿಡುವು ಕೊಟ್ಟಿದ್ದಾರೆ, ನಾನು ತೋಟದಲ್ಲಿ ಕಳೆದೆ ಎಂದು ಯಾವ ಮುಖದಿಂದ ಹೇಳಲಿ ಎನಿಸಿತು. ಫೋನ್ ಕೈಗೆತ್ತಿಕೊಂಡು, ಸಂಖ್ಯೆ ಒತ್ತಿ, ಕತ್ತರಿಸಿದೆ. ಅಷ್ಟರಲ್ಲಿ ಕೆಳಗೆ ಕ್ಯಾಬ್ ಬಂದಿತ್ತು.

ಸಹಕಾರನಗರದ ಕ್ಯಾಪ್ಟನ್ · ಭಾನುವಾರ ಮಧ್ಯಾಹ್ನ 2:20

ತಮ್ಮಾ, ದಣಿವು ಸಂಸ್ಥೆ ಕೊಟ್ಟದ್ದೋ ನೀನು ತಂದುಕೊಂಡದ್ದೋ ಎಂದು ವಿಮಾನ ಕೇಳುವುದಿಲ್ಲ. ಮುಂದಿನ ಸಲ ಆ ಫೋನ್ ಕತ್ತರಿಸಬೇಡ. ಬೈಗುಳ ಬಿದ್ದರೆ ಬೀಳಲಿ, ಸಂಬಳ ಕಡಿದರೆ ಕಡಿಯಲಿ. ನಾನೂ ಒಮ್ಮೆ ಹಾಗೆ ಹೇಳಿ ಎದುರು ಕೂತು ಬೈಸಿಕೊಂಡಿದ್ದೇನೆ. ಅರ್ಧ ಗಂಟೆಯಲ್ಲಿ ಮುಗಿಯಿತು. ಇನ್ನೊಂದು, ಆ ಕ್ಯಾಪ್ಟನ್‌ಗೆ ಫೋನ್ ಮಾಡಿ ನಿಜ ಹೇಳು. ಆ ದಿನ ಅವರು ನಿನ್ನನ್ನು ನಂಬಿ ಮುಂದಿನ ಸೆಕ್ಟರ್‌ಗೆ ಹೊರಟಿದ್ದಾರೆ.

ಸೊಗಾನೆ ನೆರೆಯವ · ಭಾನುವಾರ ಮಧ್ಯಾಹ್ನ 2:41

ರೈಲು ಯಾರೂ ಹೇಳಲಿಲ್ಲವಲ್ಲ? ಬೆಳಗಿನ ಜನಶತಾಬ್ದಿ ಹಿಡಿದರೆ ಹಾಯಾಗಿ ಕೂತು ಹೋಗಬಹುದು.

ರಾತ್ರಿ ಬಸ್ಸಿನವ · ಭಾನುವಾರ ಮಧ್ಯಾಹ್ನ 3:00

ಅದು ಒಳ್ಳೆಯ ದಾರಿ, ಆದರೆ ತೀರ್ಥಹಳ್ಳಿಯ ಆಚೆಯಿಂದ ಬರುವವರು ಅದನ್ನು ಹಿಡಿಯಲು ನಡುರಾತ್ರಿ ಎದ್ದು ಹೊರಡಬೇಕು. ತಾಳಗುಪ್ಪದ ರಾತ್ರಿ ರೈಲು ಬೆಂಗಳೂರು ಮುಟ್ಟುವುದು ಬೆಳಗಿನ ಜಾವ, ಐದರ ಡ್ಯೂಟಿಗೆ ಅದನ್ನು ನೆಚ್ಚುವಂತಿಲ್ಲ. ಕಾರಿನಲ್ಲಾದರೆ ದಾಬಸ್‌ಪೇಟೆಯಲ್ಲಿ ಎಡಕ್ಕೆ ತಿರುಗಿ ದೊಡ್ಡಬಳ್ಳಾಪುರದ ಮೇಲೆ ದೇವನಹಳ್ಳಿಗೆ ಹೋಗಿ, ಬೆಂಗಳೂರಿನ ಒಳಗೆ ಸಿಕ್ಕಿಹಾಕಿಕೊಳ್ಳುವುದು ತಪ್ಪುತ್ತದೆ. ಹಗಲು ಹೊತ್ತು ಮಾತ್ರ.

ಮಂಡಗದ್ದೆ ಹಕ್ಕಿ · ಸೋಮವಾರ ರಾತ್ರಿ 9:25

ನಿನ್ನೆ ಸಂಜೆ ಹೆಂಡತಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಸುಮಾರು ಹೊತ್ತು ಅವಳು ಮಾತಾಡಲೇ ಇಲ್ಲ. ಆಮೇಲೆ, "ಆ ಶನಿವಾರ ನಾನೇ ಒಂದು ಮಾತು ಹೇಳಿದ್ದರೆ ನೀವು ಬೇಗ ಹೊರಡುತ್ತಿದ್ದಿರಿ" ಎಂದಳು. ಹೊಸನಗರದ ಅಕ್ಕ, ನೀವು ಹೇಳಿದ ಕಟ್ಟಳೆಯನ್ನು ಅವಳೇ ಹಾಕಿದ್ದಾಳೆ. ಎರಡು ದಿನದ ಬಿಡುವಿಗೆ ಊರಿಗೆ ಬರುವಂತಿಲ್ಲ. ಮೂರು ದಿನ ಅಥವಾ ಹೆಚ್ಚು ಸಿಕ್ಕರೆ ಮಾತ್ರ, ಅದೂ ಡ್ಯೂಟಿಯ ಹಿಂದಿನ ದಿನ ಮಧ್ಯಾಹ್ನದ ಊಟಕ್ಕೆ ಯಲಹಂಕದಲ್ಲಿರಬೇಕು. ರಜೆ ಅರ್ಜಿಗಳನ್ನು ವಾರದ ವಿಶ್ರಾಂತಿಗೆ ಅಂಟಿಸಿ ಹಾಕಲು ಕೂತಿದ್ದೇನೆ. ಶಾಲೆಗೆ ರಜೆ ಬಂದಾಗ ಅವಳೂ ಮಗಳೂ ಇಲ್ಲಿಗೆ ಬರುತ್ತಾರೆ. ಕೆಲಸ ಬಿಟ್ಟು ಬರುವ ಮಾತನ್ನು ನಾನು ಎತ್ತಲಿಲ್ಲ. ಅವಳಾಗಿ, ಏಪ್ರಿಲ್‌ನಲ್ಲಿ ಯೋಚಿಸುತ್ತೇನೆ ಎಂದಳು.

ಹತ್ತಿರದಲ್ಲೇ ಒಂಟಿ ಕೋಣೆಯ ಮನೆ ನೋಡಿದ್ದೇನೆ, ಹಿಂಬದಿಯ ಕಿಟಕಿ. ಆ ಕ್ಯಾಪ್ಟನ್‌ಗೂ ಫೋನ್ ಮಾಡಿದೆ. "ಗೊತ್ತಿತ್ತು, ನೀನಾಗಿ ಹೇಳಲಿ ಎಂದು ಕಾದೆ" ಎಂದರು.

ಉಳಿದದ್ದು ಅಪ್ಪ. ಇದೇ ತಿಂಗಳು ಕೊನೆಯ ಕೊಯ್ಲು ಇದೆ. ಈ ಸಲ ನಾನು ಇರುವುದಿಲ್ಲ ಎಂದು ಹೇಳಿದಾಗ, "ಆಗಲಿ, ಮರದ ಮೇಲೇ ಹಣ್ಣಾಗಲಿ ಬಿಡು" ಎಂದರು. ಅದೊಂದು ಮಾತು ಕೇಳಲಾಗಲಿಲ್ಲ.

ಅಡಿಕೆ ಚಪ್ಪರ · ಸೋಮವಾರ ರಾತ್ರಿ 9:40

ಹಣ್ಣಾಗಲು ಬಿಟ್ಟರೆ ಒಳ್ಳೆಯ ಬೆಲೆ ಸಿಗುವುದಿಲ್ಲ. ನಿಮ್ಮ ತೋಟ ತೀರ್ಥಹಳ್ಳಿಯಿಂದ ಯಾವ ಕಡೆ? ನಮ್ಮದು ಆಗುಂಬೆ ರಸ್ತೆಯಲ್ಲಿ. ನಮ್ಮ ಕೊನೆಗಾರರು ಇಬ್ಬರು, ದೋಟಿಯಲ್ಲಿ ಕೊಯ್ಯುತ್ತಾರೆ, ಗುರುವಾರಕ್ಕೆ ನಮ್ಮ ಕೆಲಸ ಮುಗಿಯುತ್ತದೆ. ಶುಕ್ರವಾರ ಕಳಿಸಬಹುದು. ಸುಲಿಯಲು ಯಂತ್ರವೂ ಇದೆ, ಹಸಿ ಅಡಿಕೆಯನ್ನು ನಮ್ಮ ಅಂಗಳಕ್ಕೇ ತರಿಸಿಕೊಳ್ಳುತ್ತೇನೆ. ಅಪ್ಪ ಬರೀ ನಿಂತು ನೋಡಿದರೆ ಸಾಕು.

ಮಂಡಗದ್ದೆ ಹಕ್ಕಿ · ಸೋಮವಾರ ರಾತ್ರಿ 9:43

ನಮ್ಮದೂ ಅದೇ ರಸ್ತೆ! ನಿಮಗೆ ಖಾಸಗಿ ಸಂದೇಶ ಕಳಿಸಿದ್ದೇನೆ. ಅಪ್ಪನ ಸಂಖ್ಯೆ ಅದರಲ್ಲಿದೆ, ಬೆಳಗ್ಗೆ ಏಳರ ಒಳಗೆ ಮಾಡಿ, ಆಮೇಲೆ ತೋಟಕ್ಕೆ ಇಳಿದರೆ ಸಿಗ್ನಲ್ ಸಿಗುವುದಿಲ್ಲ. ನನಗೆ ನಾಳೆ ಐದಕ್ಕೆ ಡ್ಯೂಟಿ, ಮಲಗುತ್ತೇನೆ.

ಹೊಸನಗರದ ಅಕ್ಕ · ಸೋಮವಾರ ರಾತ್ರಿ 9:44

ಒಂಬತ್ತೂ ಮುಕ್ಕಾಲಾಯಿತು! ಫೋನ್ ಕೆಳಗಿಡಿ.